ಮೊದಲು ನಂಬರು, ಆಮೇಲೆ ಬಣ್ಣ

ಮಗಳೇ,

ನಿಮ್ಮ ತಂಡದವರು ಕಾರಿನ ಬಣ್ಣದ ಕೆಲಸವನ್ನು ನಿನಗೆ ವಹಿಸಿದ್ದಾರೆಂದು ತಿಳಿದು ಖುಷಿಯಾಯಿತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ವಿದ್ಯಾರ್ಥಿ ಸ್ಪರ್ಧೆಗೆ ಇಳಿಯುವ ಕಾರು ಕಣ್ಣಿಗೂ ಚೆನ್ನಾಗಿರಲಿ, ಬೇಡವೆನ್ನುವವರಾರು? ನೀನು ಕಳಿಸಿದ ಚಿತ್ರಗಳನ್ನೆಲ್ಲ ನೋಡಿದೆ. ಬೆಂಕಿಯ ನಾಲಿಗೆಯಿದೆ, ಹುಲಿಪಟ್ಟೆಯಿದೆ, ಮಿಂಚಿದೆ. ಕಾರಿನ ನಂಬರು ಮಾತ್ರ ಎಲ್ಲೂ ಇಲ್ಲ.

ನಿಯಮಪುಸ್ತಕ ತೆರೆದು ನೋಡು. ನಂಬರು ಮುಂದೆ ಒಂದು, ಎರಡೂ ಪಕ್ಕಕ್ಕೆ ಒಂದೊಂದು ಇರಬೇಕು. ಎತ್ತರ ಕನಿಷ್ಠ 150 ಮಿಲಿಮೀಟರ್. ಬಿಳಿಯ ಮೇಲೆ ಕಪ್ಪು, ಇಲ್ಲವೇ ಕಪ್ಪಿನ ಮೇಲೆ ಬಿಳಿ. ಬೇರೆ ಬಣ್ಣ ನಡೆಯುವುದಿಲ್ಲ. ಕಾಲೇಜಿನ ಹೆಸರು ಎದ್ದು ಕಾಣಬೇಕು, ತಪಾಸಣೆಯ ಸ್ಟಿಕರಿಗೆ ಮೂತಿಯ ಮೇಲೆ ಜಾಗ ಬಿಡಬೇಕು. ಇದನ್ನೆಲ್ಲ ಹೊರಡುವ ಹಿಂದಿನ ರಾತ್ರಿ ಅಂಟಿಸಿದರೆ ನಿನ್ನ ಬೆಂಕಿಯ ನಡುವೆ ಒಂದು ಬಿಳಿ ಚೌಕ ತೇಪೆಯಂತೆ ಕೂರುತ್ತದೆ. ಅದರ ಬದಲು ಆ ಚೌಕದಿಂದಲೇ ಶುರುಮಾಡು. ಮೂತಿಯನ್ನೇ ಬಿಳಿ ಮಾಡಿ, ಆ ಬಿಳಿಯನ್ನು ಪಟ್ಟೆಯಾಗಿ ಹಿಂದಕ್ಕೆ ಎಳೆದು ಪಕ್ಕದ ನಂಬರಿನ ಹಿನ್ನೆಲೆಯಾಗಿಸಬಹುದು. ಆಗ ನಂಬರು ಅಂಟಿಸಿದಂತಲ್ಲ, ಅಲ್ಲೇ ಹುಟ್ಟಿದಂತೆ ಕಾಣುತ್ತದೆ.

ಕಾರಿನ ಮೇಲೆ ಈಗಾಗಲೇ ಕೆಲಸ ಮಾಡುತ್ತಿರುವ ಬಣ್ಣಗಳೂ ಇವೆ, ಅವುಗಳ ದಾರಿಗೆ ಅಡ್ಡ ಹೋಗಬೇಡ. ಚಾಲಕನ ಹಿಂದೆ ಎರಡೂ ಬದಿಗೆ ಕಾರನ್ನು ಬಂದ್ ಮಾಡುವ ಕೆಂಪು ಸ್ವಿಚ್ ಇರುತ್ತದೆ. ಅದರ ಪಕ್ಕದ ಗುರುತು ಬಿಳಿ ಅಂಚಿನ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚು. ಕಾರು ವಿದ್ಯುತ್ತಿನದಾದರೆ ಹೈ ವೋಲ್ಟೇಜ್ ತಂತಿಗಳೆಲ್ಲ ಕಿತ್ತಳೆ ಬಣ್ಣದವು. ಅವಘಡವಾದಾಗ ಓಡಿಬರುವ ಮಾರ್ಷಲ್ ಹುಡುಕುವುದು ಇವನ್ನೇ. ಸ್ವಿಚ್ಚಿನ ಸುತ್ತ ಕೆಂಪು ಜ್ವಾಲೆ, ತಂತಿಯ ಪಕ್ಕ ಕಿತ್ತಳೆ ಪಟ್ಟೆ ಬರೆದರೆ ಅವನ ಕಣ್ಣಿಗೆ ಮಣ್ಣೆರಚಿದಂತೆ.

ಎರಡು ಬಣ್ಣ ಸಾಕು, ಮೂರನೆಯದು ಬೇಕೇಬೇಕೆಂದರೆ ಚಿಟಿಕೆಯಷ್ಟು. 1968 ಮತ್ತು 1969ರಲ್ಲಿ ಲೆ ಮಾನ್ಸ್ ಗೆದ್ದ ಫೋರ್ಡ್ ಜಿಟಿ40 ನೆನಪಿದೆಯೇ? ಗಲ್ಫ್ ತೈಲ ಕಂಪನಿಯ ತಿಳಿನೀಲಿ, ನಡುವೆ ಕಿತ್ತಳೆ ಪಟ್ಟೆ, ಅಷ್ಟೇ. ಹೆಸರು ಓದದೆಯೇ ಜನ ಇಂದಿಗೂ ಗುರುತಿಸುತ್ತಾರೆ. ನಿಮ್ಮದರಲ್ಲಿ ಇನ್ನೊಂದು ಮಾತಿದೆ: ಚಕ್ರ ನಾಲ್ಕೂ ಹೊರಗೆ, ಬಾಡಿ ಪುಟ್ಟದು. ದೂರದಿಂದ ಕಾಣುವ ಬಣ್ಣದಲ್ಲಿ ಟೈರಿನ ಕಪ್ಪೇ ದೊಡ್ಡ ಪಾಲು. ಬಾಡಿಯನ್ನೂ ಕಡುಬಣ್ಣ ಮಾಡಿದರೆ ಇಡೀ ಕಾರು ಒಂದು ಕಪ್ಪು ಮುದ್ದೆ. ಚಿತ್ರವನ್ನು ಮೊಬೈಲಿನಲ್ಲಿ ಕಪ್ಪುಬಿಳುಪು ಮಾಡಿ, ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ ನೋಡು. ಆಗಲೂ ಮೂತಿ ಎಲ್ಲಿ, ನಂಬರು ಎಲ್ಲಿ ಎಂದು ತಿಳಿದರೆ ಪಾಸು.

ಇನ್ನು ತೂಕ. 2023ರ ಫಾರ್ಮುಲಾ ಒನ್ ಕಾರಿನಲ್ಲಿ ಮರ್ಸಿಡಿಸ್‌ನವರು ತೂಕ ಇಳಿಸಲೆಂದೇ ಹಲವೆಡೆ ಬಣ್ಣ ಬಿಟ್ಟು ಕಾರ್ಬನ್ ಫೈಬರನ್ನು ಬರಿದಾಗಿ ಓಡಿಸಿದರು. ನಿಮಗೆ ಅಷ್ಟು ಚಿಂತೆ ಬೇಡ. ನಾಲ್ಕು ಚದರ ಮೀಟರ್ ಬಾಡಿಗೆ 0.1 ಮಿಲಿಮೀಟರ್ ದಪ್ಪ ಬಣ್ಣ ಒಣಗಿ ಉಳಿದರೆ ಸುಮಾರು ಅರ್ಧ ಕಿಲೋ. ನಿಜವಾದ ಕಳ್ಳ ಪುಟ್ಟಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮೆತ್ತಿದರೂ ಒಂದೂವರೆ ಕಿಲೋ ದಾಟುತ್ತದೆ. ಆದ್ದರಿಂದ ಬಾಡಿ ತಯಾರಿಸುವ ಅಚ್ಚನ್ನೇ ನುಣುಪಾಗಿ ಉಜ್ಜಲು ನಿನ್ನ ಗೆಳೆಯರಿಗೆ ಈಗಲೇ ಗಂಟುಬೀಳು. ಅಚ್ಚಿನೊಳಗೇ ಬಣ್ಣದ ಜೆಲ್‌ಕೋಟ್ ಹಚ್ಚಿದರೆ ಆಮೇಲೆ ಬಳಿಯುವ ಕೆಲಸವೇ ಅರ್ಧ ಮುಗಿದಂತೆ. ಬಳಿಯುವುದೇ ಆದರೆ ಅಚ್ಚಿನಿಂದ ಬಂದ ಮೇಣವನ್ನು ಮೊದಲು ತೊಳೆದು, ಆಮೇಲೆ ಉಪ್ಪುಕಾಗದ ಹಿಡಿ. ಮೇಣ ಉಳಿದ ಕಡೆ ಬಣ್ಣ ಗುಳಿ ಬಿದ್ದು ಓಡುತ್ತದೆ. ಕೋಣೆಯ ಬಿಸಿಗೇ ಗಟ್ಟಿಯಾದ ಎಪಾಕ್ಸಿಗೆ ಕಪ್ಪು ಬಣ್ಣ ಹೊಡೆದು ಬಿಸಿಲಲ್ಲಿ ನಿಲ್ಲಿಸಿದರೆ ಬಾಡಿ ಮೆತ್ತಗಾಗಿ ನಾರಿನ ಹೆಣಿಗೆ ಮೇಲೆದ್ದು ಕಾಣಬಹುದು, ಅದೂ ತಿಳಿದಿರಲಿ.

ಕೊನೆಗೊಂದು ಮಾತು, ಇದರಲ್ಲಿ ಚರ್ಚೆಯಿಲ್ಲ. ಹಾರ್ಡ್‌ನರ್ ಬೆರೆಸುವ 2ಕೆ ಪಿಯು (ಪಾಲಿಯುರೆಥೇನ್) ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಎದೆಗೆ ಹೋದರೆ ಆಸ್ತಮಾ ಗಂಟುಬೀಳಬಹುದು. ಬಟ್ಟೆಯ ಮಾಸ್ಕಿಗೆ ಅದು ಜಗ್ಗುವುದಿಲ್ಲ. ಹೊರಗಿನ ಗಾಳಿ ಒದಗಿಸುವ ಮಾಸ್ಕು, ಸರಿಯಾದ ಬೂತು ಕಾಲೇಜಿನಲ್ಲಿ ಇಲ್ಲದಿದ್ದರೆ ನೀನು ಸ್ಪ್ರೇ ಗನ್ ಮುಟ್ಟಬೇಡ. ಬೂತು ಇರುವ ಬಾಡಿ ಶಾಪಿಗೆ ಒಪ್ಪಿಸು, ದುಡ್ಡು ಕಡಿಮೆ ಬಿದ್ದರೆ ನನಗೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ