ಆಸನ, ನಿಲುವು ಮತ್ತು ಚಿತ್ತದ ತಿಳಿವು

ಕನ್ನಡದಲ್ಲಿ ‘ನಿಲುವು’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ದೇಹವು ನೆಟ್ಟಗೆ ನಿಂತ ಭಂಗಿ ಒಂದು. ಮನಸ್ಸು ತಳೆದ ನಿಶ್ಚಯ ಮತ್ತೊಂದು. ‘ಕುಸಿ’ ಎಂಬ ಧಾತುವೂ ಹಾಗೆಯೇ ಮೈಗೂ ಮನಸ್ಸಿಗೂ ಸಲ್ಲುತ್ತದೆ. ಭಾಷೆಯು ಬೆಸೆದಿರುವ ಈ ನಂಟು ಬರಿಯ ಅಲಂಕಾರವಲ್ಲ. ಶರೀರಧರ್ಮದಲ್ಲಿಯೂ ಅದಕ್ಕೆ ಆಧಾರವಿದೆ. ಮಲಗಿದಾಗ ತಿಳಿಯಾಗಿದ್ದ ಬುದ್ಧಿ ನಿಂತೊಡನೆ ಮಂಕಾಗುವುದು, ಎದೆ ಡವಗುಟ್ಟುವುದು, ಬೆವರು ಒಸರುವುದು, ಕಣ್ಣಿಗೆ ಕತ್ತಲಿಡುವುದು ಇವೆಲ್ಲ ಕೆಲವರಲ್ಲಿ ನಿತ್ಯದ ಅನುಭವಗಳು. ಇದರ ಕಾರಣವನ್ನು ಅರಿಯದಿದ್ದರೆ ಶಾಲೆಯಲ್ಲಿ ನಿರಪರಾಧಿಯಾದ ಮಗುವಿಗೆ ಸೋಮಾರಿಯೆಂಬ ಹೆಸರು ಬರುತ್ತದೆ. ಮನೆಯಲ್ಲಿ ವೃದ್ಧರ ಮೂಳೆ ಮುರಿಯುತ್ತದೆ. ಆದಕಾರಣ ಈ ವಿಚಾರವು ಅಧ್ಯಾಪಕರಿಗೂ ಗೃಹಸ್ಥರಿಗೂ ಸಮಾನವಾಗಿ ಜ್ಞಾತವ್ಯವಾದುದು.

ಪ್ರಾಚೀನರು ಇದನ್ನು ಗಮನಿಸದೆ ಇರಲಿಲ್ಲ. ಮಾಧವನಿದಾನವೆಂಬ ವೈದ್ಯಗ್ರಂಥದಲ್ಲಿ ಮೂರ್ಛೆ, ಭ್ರಮ, ನಿದ್ರೆ, ತಂದ್ರೆ, ಸಂನ್ಯಾಸಗಳನ್ನು ಒಂದೇ ಪ್ರಕರಣದಲ್ಲಿ ನಿರೂಪಿಸಿದೆ. ಇಲ್ಲಿ ಸಂನ್ಯಾಸವೆಂದರೆ ಚತುರ್ಥಾಶ್ರಮವಲ್ಲ. ಎಚ್ಚರವು ಸಂಪೂರ್ಣವಾಗಿ ಅಳಿದ ದಾರುಣಾವಸ್ಥೆ. ವಾತದಿಂದಾದ ಮೂರ್ಛೆಯಲ್ಲಿ ರೋಗಿಗೆ ಆಕಾಶದ ಬಣ್ಣ ಬದಲಾದಂತೆ ಕಂಡು, ಕತ್ತಲು ಕವಿದು, ಬಳಿಕ ಬೇಗನೆ ಎಚ್ಚರ ಮರಳುವುದೆಂದು ವೈದ್ಯಶಾಸ್ತ್ರವು ಲಕ್ಷಣ ಹೇಳುತ್ತದೆ. ಬಿಸಿಲಿನಲ್ಲಿ ನಿಂತು ಬವಳಿ ಬಂದು ಬಿದ್ದ ಬಾಲಕನು ಎದ್ದ ಮೇಲೆ ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಇಂದಿನ ಶರೀರವಿಜ್ಞಾನವು ಇದರ ಕ್ರಮವನ್ನು ಸ್ಪಷ್ಟವಾಗಿ ವಿವರಿಸುತ್ತದೆ. ಅಜ್ಜಂಪುರದ ಅಮೃತಮಹಲ್ ತಳಿಕೇಂದ್ರದ ಗೋವನ್ನು ನೋಡಿದರೆ ಅರ್ಥವು ಸುಲಭವಾಗುತ್ತದೆ. ನಾಲ್ಕು ಕಾಲುಗಳ ಮೇಲೆ ನಿಂತ ಪಶುವಿನ ರಕ್ತದ ಬಹುಭಾಗವು ಹೃದಯದ ಮಟ್ಟದಲ್ಲಿಯೋ ಅದಕ್ಕಿಂತ ಮೇಲೆಯೋ ಇರುತ್ತದೆ. ಎರಡು ಕಾಲುಗಳ ಮೇಲೆ ಎದ್ದು ನಿಂತ ಮನುಷ್ಯನಲ್ಲಿ ಸುಮಾರು ಮುಕ್ಕಾಲು ಪಾಲು ರಕ್ತವು ಹೃದಯಕ್ಕಿಂತ ಕೆಳಗೆ ಬೀಳುತ್ತದೆ. ಮಿದುಳು ಮಾತ್ರ ಎಲ್ಲಕ್ಕಿಂತ ಮೇಲೆ ಕುಳಿತಿದೆ. ಮಲಗಿದ್ದವನು ಎದ್ದು ನಿಂತ ಕೂಡಲೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತವು ಎದೆಯಿಂದ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ೨ರಷ್ಟು. ಆದರೆ ಅದು ಬಳಸುವ ಆಮ್ಲಜನಕ ನೂರಕ್ಕೆ ೨೦ರಷ್ಟು. ಅದಕ್ಕೆ ಹರಿಯುವ ರಕ್ತವು ೬ರಿಂದ ೮ ಸೆಕೆಂಡು ನಿಂತುಹೋದರೆ ಎಚ್ಚರ ತಪ್ಪುತ್ತದೆ.

ಹಾಗಾಗದಂತೆ ಕಾಯುವುದು ಸ್ವಾಯತ್ತ ನರಮಂಡಲದ ಕಾರ್ಯ. ಕೊರಳ ಎರಡು ಬದಿಯ ದೊಡ್ಡ ರಕ್ತನಾಳಗಳು ಕವಲೊಡೆಯುವಲ್ಲಿ ಹಾಗೂ ಮಹಾಧಮನಿಯ ಬಾಗಿನಲ್ಲಿ ರಕ್ತದ ಒತ್ತಡವನ್ನು ಅರಿಯುವ ನರತುದಿಗಳಿವೆ. ಒತ್ತಡ ತಗ್ಗಿದೊಡನೆ ಅವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಬಂದ ಆಜ್ಞೆಯಂತೆ ಹೃದಯವು ಬೇಗ ಬಡಿಯುತ್ತದೆ, ಕೆಳಗಿನ ರಕ್ತನಾಳಗಳು ಬಿಗಿಯುತ್ತವೆ. ನಡೆದಾಡುವಾಗ ಮೀನಖಂಡದ ಸ್ನಾಯುಗಳು ಏತದಂತೆ ರಕ್ತವನ್ನು ಮೇಲಕ್ಕೆತ್ತುತ್ತವೆ. ಇಷ್ಟೂ ಕಾರ್ಯವು ನಮ್ಮ ಅರಿವಿಗೆ ಬಾರದೆ ಕೆಲವೇ ಕ್ಷಣಗಳಲ್ಲಿ ನಡೆದುಹೋಗುತ್ತದೆ.

ಈ ವ್ಯವಸ್ಥೆಯು ಮೂರು ಬಗೆಯಲ್ಲಿ ತಪ್ಪಬಹುದು. ಮೊದಲನೆಯದು ಸಾಮಾನ್ಯ ಬವಳಿ. ಬಹಳ ಹೊತ್ತು ಅಲುಗಾಡದೆ ನಿಂತಾಗ, ಸೆಕೆಯಲ್ಲಿ, ಬರಿಹೊಟ್ಟೆಯಲ್ಲಿ ಅಥವಾ ಭಯದಲ್ಲಿ ಹೃದಯದ ಗತಿ ಹಠಾತ್ತನೆ ತಗ್ಗಿ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಎಳೆಯರಲ್ಲಿ ಇದೇ ಹೆಚ್ಚು. ಎರಡನೆಯದು ನಿಂತಾಗ ರಕ್ತದೊತ್ತಡ ಇಳಿಯುವುದು. ನಿಂತ ೩ ನಿಮಿಷಗಳೊಳಗೆ ಮೇಲಿನ ಒತ್ತಡವು ೨೦ ಅಥವಾ ಕೆಳಗಿನ ಒತ್ತಡವು ೧೦ ಅಂಶಗಳಷ್ಟು ತಗ್ಗಿದರೆ ವೈದ್ಯರು ಇದನ್ನು ನಿಶ್ಚಯಿಸುತ್ತಾರೆ. ವೃದ್ಧರಲ್ಲಿ, ಮಧುಮೇಹಿಗಳಲ್ಲಿ, ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರಲ್ಲಿ ಇದು ಹೆಚ್ಚು. ಮೂರನೆಯದರಲ್ಲಿ ಒತ್ತಡ ಇಳಿಯದು. ಆದರೆ ನಿಂತ ೧೦ ನಿಮಿಷಗಳೊಳಗೆ ನಾಡಿಯು ನಿಮಿಷಕ್ಕೆ ೩೦ ಅಥವಾ ಹೆಚ್ಚು ಬಡಿತಗಳಷ್ಟು ಏರುತ್ತದೆ. ೧೨ರಿಂದ ೧೯ ವಯಸ್ಸಿನವರಲ್ಲಿ ಈ ಏರಿಕೆ ೪೦ ಇರಬೇಕು. ತೊಂದರೆಯು ೩ ತಿಂಗಳಾದರೂ ಮುಂದುವರಿದಿರಬೇಕು. ೧೯೯೩ರಲ್ಲಿ ಅಮೆರಿಕದ ವೈದ್ಯರು ಇದನ್ನು ವಿವರಿಸಿದ ಬಳಿಕ ‘ಪಾಟ್ಸ್’ ಎಂಬ ಹೆಸರು ರೂಢಿಗೆ ಬಂದಿತು. ತರುಣಿಯರಲ್ಲಿ ಅಧಿಕವಾಗಿ ಕಾಣುವ ಈ ವ್ಯಾಧಿಯು ಕೋವಿಡ್ ಬಂದು ಹೋದ ಅನೇಕರಲ್ಲಿಯೂ ತಲೆದೋರಿದೆ. ಇಂಥವರು ನಿಂತಾಗ ಮಾತಿಗೆ ಪದ ತೋಚದು, ಓದಿದ್ದು ನಿಲ್ಲದು. ಮಲಗಿದರೆ ಬುದ್ಧಿ ಮತ್ತೆ ತಿಳಿಯಾಗುತ್ತದೆ. ಹೊರಗೆ ರೋಗದ ಚಿಹ್ನೆ ಕಾಣದುದರಿಂದ ಸುತ್ತಲಿನವರು ಇದನ್ನು ನಟನೆಯೆಂದು ಭ್ರಮಿಸುವುದೇ ಹೆಚ್ಚು.

ಈ ಮೂರು ತಾಲ್ಲೂಕುಗಳ ಜನಜೀವನದಲ್ಲಿ ಇದಕ್ಕೆ ಉದಾಹರಣೆಗಳು ವಿರಳವಲ್ಲ. ಕಡೂರಿನ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಬೇಸಿಗೆ ತೀವ್ರ. ಬೆವರಿನಲ್ಲಿ ನೀರೂ ಉಪ್ಪೂ ಹೋದ ದೇಹದಲ್ಲಿ ರಕ್ತದ ಪ್ರಮಾಣವೇ ತಗ್ಗಿರುತ್ತದೆ. ಅಂಥವನು ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಬಂದು, ಪುನಃ ಸಾಲಿನಲ್ಲಿ ನಿಂತರೆ ಬವಳಿ ಬರುವುದು ಸಹಜ. ತರೀಕೆರೆಯ ತೋಟದ ಮನೆಗಳಲ್ಲಿ ಸುಗ್ಗಿಯ ಕಾಲಕ್ಕೆ ಅಡಿಕೆ ಸುಲಿಯಲು ಗಂಟೆಗಟ್ಟಲೆ ಕುಳಿತ ಹೆಂಗಸರು ತಟ್ಟನೆ ಎದ್ದಾಗ ಗೋಡೆ ಹಿಡಿಯುವುದುಂಟು. ನಡುರಾತ್ರಿ ಮೂತ್ರವಿಸರ್ಜನೆಗೆಂದು ದಡಬಡಿಸಿ ಎದ್ದ ಅಜ್ಜನವರು ಹೊಸ್ತಿಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ, ಜನರು ದೂರುವುದು ಹೊಸ್ತಿಲನ್ನು; ಕಾರಣವಿರುವುದು ಎದ್ದ ವೇಗದಲ್ಲಿ.

ವೀರಶೈವ ಸಂಪ್ರದಾಯದ ಇಷ್ಟಲಿಂಗಪೂಜೆಯ ಕ್ರಮವನ್ನು ಈ ದೃಷ್ಟಿಯಿಂದ ನೋಡಬಹುದು. ಪೂಜಕನು ಕಾಲುಗಳನ್ನು ಮಡಿಸಿ ನೆಲದ ಮೇಲೆ ಕುಳಿತು, ಬೆನ್ನನ್ನು ನೆಟ್ಟಗಿರಿಸಿ, ಎಡ ಅಂಗೈಯಲ್ಲಿ ಲಿಂಗವನ್ನು ಹಿಡಿದು ದೃಷ್ಟಿಯಿಡುತ್ತಾನೆ. ಕಾಲು ಇಳಿಬಿಡದುದರಿಂದ ರಕ್ತವು ಕೆಳಗೆ ನಿಲ್ಲುವುದು ಕಡಿಮೆ. ಬೆನ್ನು ಬಾಗದುದರಿಂದ ಎದೆಗೂ ಹೊಟ್ಟೆಗೂ ಅಡ್ಡಿಯಿಲ್ಲದೆ ಉಸಿರು ತುಂಬುತ್ತದೆ. ಮಂತ್ರದ ಲಯಕ್ಕೆ ಉಸಿರು ನಿಧಾನಗೊಳ್ಳುವುದರ ಫಲವನ್ನು ಇಟಲಿಯ ವೈದ್ಯ ಬರ್ನಾರ್ಡಿ ಮತ್ತು ಅವರ ಸಂಗಡಿಗರು ೨೦೦೧ರಲ್ಲಿ ಪ್ರಕಟಿಸಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಯೋಗದ ಮಂತ್ರವಾಗಲಿ ಉಸಿರನ್ನು ನಿಮಿಷಕ್ಕೆ ಸುಮಾರು ೬ಕ್ಕೆ ಇಳಿಸಿ, ರಕ್ತದೊತ್ತಡವನ್ನು ಸರಿದೂಗಿಸುವ ಪ್ರತಿಕ್ರಿಯೆಯನ್ನು ಚುರುಕುಗೊಳಿಸಿತೆಂಬುದು ಅವರು ಕಂಡ ಸಂಗತಿ. ಇದರಿಂದ ಪೂಜೆಯು ವೈದ್ಯಕ್ಕಾಗಿಯೇ ಹುಟ್ಟಿತೆಂದು ಹೇಳಲಾಗದು. ಅನುಸಂಧಾನಕ್ಕೆ ತಕ್ಕ ದೇಹಸ್ಥಿತಿಯನ್ನು ಹಿರಿಯರು ಅನುಭವದಿಂದ ಆರಿಸಿದರೆಂದರೆ ಸಾಕು. ಪತಂಜಲಿಯೂ ಆಸನಕ್ಕೆ ದಾರ್ಢ್ಯದಷ್ಟೇ ಸೌಖ್ಯವನ್ನೂ ಲಕ್ಷಣವಾಗಿ ಹೇಳಿದ್ದಾನೆ. ಇನ್ನು ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನ ವಜ್ರಕಾಯದ ಹೆಮ್ಮೆಯನ್ನು ಅಲ್ಲಮಪ್ರಭು ಇಳಿಸುವ ಪ್ರಸಂಗವು ಪ್ರಸಿದ್ಧವಾಗಿದೆ. ದೇಹವನ್ನು ಹಠದಿಂದ ಗೆಲ್ಲುವುದು ಶರಣರಿಗೆ ಗುರಿಯಾಗಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಆದುದರಿಂದ ಶಿಸ್ತಿನ ಹೆಸರಿನಲ್ಲಿ ಮಗುವನ್ನು ಬಿಸಿಲಿನಲ್ಲಿಯೋ ಬೆಂಚಿನ ಮೇಲೆಯೋ ನಿಲ್ಲಿಸುವ ಹಳೆಯ ಪದ್ಧತಿಯು ಎರಡು ಬಗೆಯಲ್ಲಿ ಅಯುಕ್ತ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ದೈಹಿಕ ಶಿಕ್ಷೆಯನ್ನು ನಿಷೇಧಿಸಿರುವುದು ಒಂದು. ನಿಂತ ಮಗುವಿನ ಮಿದುಳಿಗೆ ರಕ್ತ ಸಾಲದೆ ಹೋದರೆ ಕಲಿಸಬೇಕೆಂದ ಪಾಠವೇ ಅದಕ್ಕೆ ಹತ್ತದೆಂಬುದು ಇನ್ನೊಂದು. ಪ್ರಾರ್ಥನೆಯನ್ನು ನೆರಳಿನಲ್ಲಿ ನಡೆಸುವುದು, ದೀರ್ಘ ಭಾಷಣಗಳಿರುವ ದಿನ ಮಕ್ಕಳನ್ನು ಕುಳ್ಳಿರಿಸುವುದು, ಮುಂಜಾನೆ ಉಪಾಹಾರ ಮಾಡದೆ ಬಂದವರನ್ನು ವಿಚಾರಿಸುವುದು, ನೀರು ಕುಡಿಯಲು ಅವಕಾಶ ಕೊಡುವುದು ಇವು ಕಷ್ಟವಲ್ಲ. ನಿಂತಿರುವವರು ಹಿಮ್ಮಡಿಗಳನ್ನು ಆಗಾಗ ಎತ್ತಿ ಇಳಿಸಬೇಕು. ಕಣ್ಣು ಮಂಜಾದರೆ ನಾಚದೆ ಕುಕ್ಕುರುಗಾಲಿನಲ್ಲಿ ಕುಳಿತುಬಿಡಬೇಕು. ಅಥವಾ ಕಾಲುಗಳನ್ನು ಒಂದರ ಮೇಲೊಂದು ಹೆಣೆದು ತೊಡೆಗಳನ್ನು ಬಿಗಿಯಬೇಕು.

ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು ದೊಡ್ಡ ತಪ್ಪು; ಅದರಿಂದ ಮಿದುಳಿಗೆ ರಕ್ತವು ಮತ್ತಷ್ಟು ತಡವಾಗಿ ತಲಪುತ್ತದೆ. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು, ಉಡುಪನ್ನು ಸಡಿಲಿಸಬೇಕು. ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಬವಳಿಯಲ್ಲಿಯೂ ಕೈಕಾಲು ಕೆಲವು ಕ್ಷಣ ಅದುರುವುದುಂಟು. ಅಷ್ಟರಿಂದಲೇ ಮೂರ್ಛೆರೋಗವೆಂದು ತೀರ್ಮಾನಿಸಿ ಮಗುವಿಗೆ ಹೆಸರಿಡಬಾರದು. ಆದರೆ ಓಡುವಾಗಲೇ ಬಿದ್ದವರು, ಎದೆನೋವಿದ್ದವರು, ಮನೆತನದಲ್ಲಿ ಎಳೆವಯಸ್ಸಿನ ಹಠಾತ್ ಮರಣ ಕಂಡವರು, ಒಂದೆರಡು ನಿಮಿಷಗಳಲ್ಲಿ ಚೇತರಿಸಿಕೊಳ್ಳದವರು ಇವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೃದ್ಧರು ಹಾಸಿಗೆಯಿಂದ ಮೊದಲು ಎದ್ದು ಕುಳಿತು, ಕಾಲಾಡಿಸಿ, ತುಸು ತಾಳಿ, ಬಳಿಕ ನಿಲ್ಲುವುದು ಲೇಸು. ಉಪ್ಪನ್ನು ಹೆಚ್ಚಿಸುವುದಾಗಲಿ ಔಷಧಿಯನ್ನು ಬದಲಿಸುವುದಾಗಲಿ ವೈದ್ಯರ ಮಾತಿಲ್ಲದೆ ಕೂಡದು.

ದಾನಿಗಳು ಶಾಲೆಗೆ ಕೊಡುವ ವಸ್ತುಗಳಲ್ಲಿ ಕಟ್ಟಡ, ಗಂಟೆ, ಗ್ರಂಥಗಳಿಗೆ ಮಾನ್ಯತೆಯಿರುವುದು ಯುಕ್ತವೇ. ಪ್ರಾರ್ಥನಾಂಗಣಕ್ಕೆ ಒಂದು ಚಪ್ಪರ, ಮಗುವಿನ ಅಳತೆಗೆ ತಕ್ಕ ಮೇಜು, ಮಲಗಲು ಒಂದು ಮಂಚವಿರುವ ಚಿಕ್ಕ ಕೊಠಡಿ, ಸದಾ ತುಂಬಿರುವ ಕುಡಿಯುವ ನೀರು ಇವೂ ವಿದ್ಯಾದಾನದ ಅಂಗಗಳೇ. ಮೈಯ ನಿಲುವು ನೆಮ್ಮದಿಯಾಗಿದ್ದಲ್ಲಿ ಮನದ ನಿಲುವಿಗೆ ಆಸರೆ ದೊರೆಯುತ್ತದೆ. ಪಾಠವು ತಾಗುವುದು ಆ ಮನಸ್ಸಿಗೆ.