ಮೊದಲ ಹೆಜ್ಜೆ ಕಣ್ಣಿನಲ್ಲೇ

ಕೃತಕ ಕಾಲು ಹಾಕಿಸಿಕೊಂಡ ನಿಮ್ಮ ತಂದೆಯವರು ನಡಿಗೆಯ ಅಭ್ಯಾಸ ಬಿಟ್ಟು ಬೇರೆಯವರ ನಡಿಗೆ ನೋಡುತ್ತಾ ಕೂರುತ್ತಾರೆಂದು ಬೇಸರಪಡಬೇಡಿ. ಅದೂ ಕಲಿಕೆಯೇ. ಆದರೆ ಯಾರನ್ನು ನೋಡುತ್ತಾರೆ ಎಂಬುದು ಮುಖ್ಯ. ಅವರಂತೆಯೇ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡು, ಜೈಪುರ ಕಾಲು ಎಂಬ ಕೃತಕ ಕಾಲಿನಲ್ಲಿ ಚೆನ್ನಾಗಿ ಪಳಗಿದವರನ್ನು ನೋಡಲಿ. ಪಾದಕ್ಕಿಂತ ಸೊಂಟವನ್ನು ಗಮನಿಸಲಿ. ಹೊಸಬರು ಕೃತಕ ಕಾಲನ್ನು ನಂಬದೆ, ಒಳ್ಳೆಯ ಕಾಲಿಗೆ ಬೇಗ ಭಾರ ದಾಟಿಸಿಬಿಡುತ್ತಾರೆ. ಕುಂಟುವುದು ಬಹಳ ಸಲ ಶುರುವಾಗುವುದು ಅಲ್ಲೇ. ಪಳಗಿದವರು ಎರಡೂ ಕಾಲಿನ ಮೇಲೆ ಹೆಚ್ಚುಕಡಿಮೆ ಒಂದೇ ಹೊತ್ತು ನಿಲ್ಲುತ್ತಾರೆ. ಆ ಲಯವನ್ನು ತೊಡೆ ತಟ್ಟಿ ಎಣಿಸಲು ಹೇಳಿ. ಆಮೇಲೆ ಜೋಡಿ ಕಂಬಿಗಳ ನಡುವೆ, ಕನ್ನಡಿಯೆದುರು ತಾವೇ ಹೆಜ್ಜೆಯಿಡಲಿ. ಕಂಬಿ ಬಿಟ್ಟು ನಡೆಯುವಾಗ ಊರುಗೋಲು ಒಳ್ಳೆಯ ಕಾಲಿನ ಬದಿಯ ಕೈಯಲ್ಲಿರಲಿ. ಕಳೆದುಕೊಂಡ ಕಾಲಿನ ಉಳಿದ ಭಾಗದ ಚರ್ಮ ಕೆಂಪಾಗಿ ಹಾಗೇ ಇದ್ದರೆ ನಡಿಗೆ ನಿಲ್ಲಿಸಿ, ಕಾಲು ಅಳವಡಿಸಿದವರಿಗೆ ಅಂದೇ ತೋರಿಸಿ.