ನಗರದ ದುಡಿಮೆಗೆ ಸಣ್ಣ ಮೋಟಾರು ಸೈಕಲ್: ಆಯ್ಕೆ ಮತ್ತು ಆರೈಕೆ

ಕೊರಿಯರ್ ನೌಕರರು, ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುವವರು, ಔಷಧ ಕಂಪನಿಗಳ ಪ್ರತಿನಿಧಿಗಳು, ಬ್ಯಾಂಕಿನ ವಸೂಲಿ ಕೆಲಸಗಾರರು, ಯಂತ್ರ ದುರಸ್ತಿ ಮಾಡುವವರು ಹೀಗೆ ಮಹಾನಗರಗಳಲ್ಲಿ ಅಸಂಖ್ಯಾತ ಜನರು ಮೋಟಾರು ಸೈಕಲ್ಲನ್ನೇ ನಂಬಿ ಜೀವನ ಸಾಗಿಸುತ್ತಿದ್ದಾರೆ. ರೈತನಿಗೆ ಎತ್ತು ಹೇಗೋ ಇವರಿಗೆ ಈ ವಾಹನ ಹಾಗೆ. ಎತ್ತು ಕೊಳ್ಳಲು ಸಂತೆಗೆ ಹೋದ ರೈತನು ಮೈಬಣ್ಣ ನೋಡಿ ಮರುಳಾಗುವುದಿಲ್ಲ. ಹಲ್ಲು ಹಿಡಿದು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಮೇವಿನ ಖರ್ಚನ್ನು ಲೆಕ್ಕ ಹಾಕುತ್ತಾನೆ. ದುಡಿಮೆಗಾಗಿ ಮೋಟಾರು ಸೈಕಲ್ ಕೊಳ್ಳುವವರೂ ಇದೇ ಎಚ್ಚರವನ್ನು ವಹಿಸುವುದು ಅಗತ್ಯ. ಕಂತಿನ ಸಾಲದ ಮೇಲೆ ಕೊಂಡ ವಾಹನವು ಪದೇ ಪದೇ ಕೆಟ್ಟು ನಿಂತರೆ ಆ ದಿನದ ಸಂಪಾದನೆಯೂ ಇಲ್ಲ, ತಿಂಗಳ ಕಂತೂ ತಪ್ಪುವುದಿಲ್ಲ. ಈ ಪಾಠದಲ್ಲಿ ಅಂತಹ ವಾಹನದ ಆಯ್ಕೆ ಮತ್ತು ಆರೈಕೆಯ ಮುಖ್ಯ ಅಂಶಗಳನ್ನು ವಿವರಿಸಲಾಗಿದೆ.

ಕಿಲೋಮೀಟರಿನ ಲೆಕ್ಕ

ದಿನಕ್ಕೆ 100 ಕಿ.ಮೀ.ನಂತೆ ವರ್ಷಕ್ಕೆ 300 ದಿನ ದುಡಿಯುವ ಒಬ್ಬ ಕೊರಿಯರ್ ನೌಕರನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆತನ ವಾಹನವು ವರ್ಷಕ್ಕೆ 30,000 ಕಿ.ಮೀ. ಓಡುತ್ತದೆ. ಮನೆಯಿಂದ ಕಚೇರಿಗೆ ಹೋಗಿ ಬರಲು ದಿನಕ್ಕೆ 20 ಕಿ.ಮೀ. ಓಡಿಸುವವರು ಇಷ್ಟು ದೂರ ಕ್ರಮಿಸಲು ಐದು ವರ್ಷಗಳು ಬೇಕು.

ವಾಹನವು ಲೀಟರಿಗೆ 60 ಕಿ.ಮೀ. ಕೊಟ್ಟರೆ ವರ್ಷಕ್ಕೆ 500 ಲೀಟರ್ ಪೆಟ್ರೋಲ್ ಸಾಕು. ಲೀಟರಿಗೆ 45 ಕಿ.ಮೀ. ಮಾತ್ರ ಕೊಡುವ ವಾಹನಕ್ಕೆ ಸುಮಾರು 667 ಲೀಟರ್ ಬೇಕಾಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ವ್ಯತ್ಯಾಸವು ವರ್ಷಕ್ಕೆ 16,700 ರೂಪಾಯಿಗಳಷ್ಟಾಗುತ್ತದೆ. ಮೂರು ವರ್ಷಗಳಲ್ಲಿ ಈ ಮೊತ್ತವು 50,000 ರೂಪಾಯಿಗಳನ್ನು ಮೀರುತ್ತದೆ. ಆದುದರಿಂದ ಅಂಗಡಿಯಲ್ಲಿ ಕೊಡುವ ಬೆಲೆಯೊಂದನ್ನೇ ಹೋಲಿಸದೆ, ಬೆಲೆ, ಬಡ್ಡಿ, ಇಂಧನ, ವಿಮೆ, ಸರ್ವಿಸ್ ಮತ್ತು ಬಿಡಿಭಾಗಗಳ ಒಟ್ಟು ವೆಚ್ಚವನ್ನು ಕಿಲೋಮೀಟರುಗಳಿಂದ ಭಾಗಿಸಿ ಹೋಲಿಸುವುದು ಸೂಕ್ತ.

ವಾರಂಟಿಯ ಪತ್ರವನ್ನೂ ಇದೇ ದೃಷ್ಟಿಯಿಂದ ಓದಬೇಕು. ವಾರಂಟಿಗೆ ವರ್ಷದ ಮಿತಿ ಮತ್ತು ಕಿಲೋಮೀಟರಿನ ಮಿತಿ ಎರಡೂ ಇರುತ್ತವೆ. ಯಾವುದು ಮೊದಲು ಮುಗಿಯುವುದೋ ಅದೇ ಅನ್ವಯವಾಗುತ್ತದೆ. ಐದು ವರ್ಷ ಅಥವಾ 70,000 ಕಿ.ಮೀ. ಎಂದು ಬರೆದಿರುವ ವಾರಂಟಿಯು ಮೇಲಿನ ಕೊರಿಯರ್ ನೌಕರನಿಗೆ ಸುಮಾರು ಎರಡು ವರ್ಷ ನಾಲ್ಕು ತಿಂಗಳಿಗೇ ಮುಗಿದುಹೋಗುತ್ತದೆ.

ಸಣ್ಣ ಎಂಜಿನ್ನಿನ ಹಿರಿಮೆ

ನಮ್ಮ ದೇಶದಲ್ಲಿ 1980ರ ದಶಕದವರೆಗೆ ಎರಡು ಸ್ಟ್ರೋಕಿನ ದ್ವಿಚಕ್ರ ವಾಹನಗಳೇ ಹೆಚ್ಚಾಗಿದ್ದವು. ಅವುಗಳಲ್ಲಿ ಪೆಟ್ರೋಲಿನೊಡನೆ ಎಣ್ಣೆಯೂ ಉರಿದು ಹೊಗೆಯಾಗುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮಾರುಕಟ್ಟೆಗೆ ಬಂದ ಮೇಲೆ 100 ಸಿಸಿಯ ನಾಲ್ಕು ಸ್ಟ್ರೋಕಿನ ಎಂಜಿನ್ ಜನಪ್ರಿಯವಾಯಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಇದೇ ಪರಂಪರೆಗೆ ಸೇರಿದ್ದು. ಅದರ ಎಂಜಿನ್ನಿನ ಗಾತ್ರ 97.2 ಸಿಸಿ. ಬಜಾಜ್ ಪ್ಲಾಟಿನಾ, 109.7 ಸಿಸಿಯ ಟಿವಿಎಸ್ ಸ್ಪೋರ್ಟ್, 2023ರಲ್ಲಿ ಬಂದ ಹೋಂಡಾ ಶೈನ್ 100 ಮುಂತಾದವು ಇದೇ ವರ್ಗದವು. ಈ ಹೆಸರುಗಳನ್ನು ಉದಾಹರಣೆಗಾಗಿ ಮಾತ್ರ ಕೊಡಲಾಗಿದೆ.

ನಗರದ ದಟ್ಟಣೆಯಲ್ಲಿ ಗಂಟೆಗೆ 50 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಹೋಗುವ ಅವಕಾಶ ವಿರಳ. ನಿಂತು, ಹೊರಟು, ಮತ್ತೆ ನಿಲ್ಲುವುದೇ ಹೆಚ್ಚು. ಇಂತಹ ಓಡಾಟಕ್ಕೆ ಕಡಿಮೆ ವೇಗದಲ್ಲೇ ಚೆನ್ನಾಗಿ ಎಳೆಯುವ 100ರಿಂದ 125 ಸಿಸಿಯ ಎಂಜಿನ್ ಸಾಕಾಗುತ್ತದೆ. ಇವು ಗಾಳಿಯಿಂದ ತಣಿಯುವ ಸರಳ ಎಂಜಿನ್‌ಗಳಾದುದರಿಂದ ಕೆಡುವ ಭಾಗಗಳೂ ಕಡಿಮೆ. ಮೇಲುಸೇತುವೆಗಳನ್ನು ಏರಿ ಭಾರ ಸಾಗಿಸುವವರಿಗೆ ಅಥವಾ ಸದಾ ಇಬ್ಬರು ಕೂರುವವರಿಗೆ 125 ಸಿಸಿ ಹೆಚ್ಚು ಅನುಕೂಲ. ಹಾಲು, ತರಕಾರಿ, ಪತ್ರಿಕೆಯ ಕಟ್ಟುಗಳನ್ನು ಹತ್ತಿರದ ಬೀದಿಗಳಿಗೆ ಸಾಗಿಸುವವರು ಕ್ಲಚ್ ಹಿಡಿಯುವ ಶ್ರಮವಿಲ್ಲದ 100 ಸಿಸಿಯ ಮೊಪೆಡನ್ನು ಪರಿಶೀಲಿಸಬಹುದು.

ಆಯ್ಕೆಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು

1. ಬಿಡಿಭಾಗಗಳ ಲಭ್ಯತೆ: ಇದು ಎಲ್ಲಕ್ಕಿಂತ ಮುಖ್ಯವಾದ ಅಂಶ. ತಾವು ದುಡಿಯುವ ಬಡಾವಣೆಯ ಎರಡು ಮೂರು ಗ್ಯಾರೇಜುಗಳಲ್ಲಿ ಮೊದಲೇ ವಿಚಾರಿಸಬೇಕು. ಕ್ಲಚ್ ಪ್ಲೇಟು, ಬ್ರೇಕ್ ಶೂ, ಕೇಬಲ್, ಚೈನು ಅಲ್ಲಿಯೇ ಸಿಗುವ ವಾಹನವು ಸಂಜೆಯೊಳಗೆ ರಸ್ತೆಗೆ ಮರಳುತ್ತದೆ. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಿಸುವ ವಾಹನವು ಎಷ್ಟೇ ಉತ್ತಮವಾದರೂ ದುಡಿಮೆಗಾರನಿಗೆ ತಕ್ಕುದಲ್ಲ. ಹಲವು ವರ್ಷ ಮಾರಾಟದಲ್ಲಿರುವ ಮಾದರಿಗಳ ದುರಸ್ತಿಯನ್ನು ಬೀದಿಯ ಮೆಕ್ಯಾನಿಕ್ಕುಗಳೂ ಚೆನ್ನಾಗಿ ಬಲ್ಲರು.

2. ತೂಕ ಮತ್ತು ಆಸನ: ದಿನಕ್ಕೆ ಹತ್ತಾರು ಬಾರಿ ವಾಹನವನ್ನು ಸ್ಟ್ಯಾಂಡಿಗೆ ಹಾಕಿ ತೆಗೆಯಬೇಕಾಗುತ್ತದೆ. ಈ ವರ್ಗದ ವಾಹನಗಳು ಹೆಚ್ಚುಕಡಿಮೆ 100ರಿಂದ 115 ಕಿಲೋ ತೂಗುತ್ತವೆ. ಆಸನದ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಊರಬೇಕು, ಬೆನ್ನು ನೇರವಾಗಿರಬೇಕು.

3. ಬ್ರೇಕು: 2019ರ ಏಪ್ರಿಲ್‌ನಿಂದ 125 ಸಿಸಿಯವರೆಗಿನ ಹೊಸ ವಾಹನಗಳಲ್ಲಿ, ಒಂದು ಬ್ರೇಕನ್ನು ಒತ್ತಿದಾಗ ಎರಡೂ ಚಕ್ರಗಳಿಗೆ ಹಿಡಿತ ಹಂಚುವ ಸಂಯೋಜಿತ ವ್ಯವಸ್ಥೆಯಾದರೂ ಇರಬೇಕು, ಎಬಿಎಸ್ ಆದರೂ ಇರಬೇಕು. ಮಳೆ ಹೆಚ್ಚಾಗಿರುವ ಮುಂಬಯಿಯಂತಹ ನಗರದಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇದ್ದರೆ ಒಳ್ಳೆಯದು.

4. ಟೈರು: ಟ್ಯೂಬ್‌ರಹಿತ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಚಕ್ರ ಬಿಚ್ಚದೆಯೇ ಪಂಚರ್ ಹಾಕಬಹುದು.

5. ಕಿಕ್: ಬ್ಯಾಟರಿ ಕ್ಷೀಣಿಸಿದ ದಿನ ಗುಂಡಿಯೊತ್ತಿದರೆ ಎಂಜಿನ್ ಶುರುವಾಗದು. ಕಿಕ್ ಸಹ ಇರುವ ಮಾದರಿಯು ಆಗ ನೆರವಿಗೆ ಬರಬಹುದು.

6. ಚೈನಿನ ಹೊದಿಕೆ: ಪೂರ್ಣವಾಗಿ ಮುಚ್ಚಿದ ಚೈನಿಗೆ ಧೂಳು, ಕೆಸರು ಕಡಿಮೆ ತಗಲುವುದರಿಂದ ಅದು ಹೆಚ್ಚು ಕಾಲ ಬಾಳುತ್ತದೆ.

ಬೇರೆ ಇಂಧನಗಳು

ವಿದ್ಯುತ್ ಸ್ಕೂಟರುಗಳಲ್ಲಿ ಪ್ರತಿ ಕಿಲೋಮೀಟರಿನ ಇಂಧನ ವೆಚ್ಚ ಬಹಳ ಕಡಿಮೆ. ಎಣ್ಣೆ ಬದಲಾವಣೆಯ ಗೊಡವೆಯೂ ಇಲ್ಲ. ಆದರೆ ಮನೆಯಲ್ಲಿ ಚಾರ್ಜ್ ಮಾಡುವ ಸೌಕರ್ಯವಿದೆಯೇ, ಒಂದು ಚಾರ್ಜಿನಲ್ಲಿ ನಿಜವಾಗಿ ಎಷ್ಟು ದೂರ ಹೋಗುತ್ತದೆ, ಬ್ಯಾಟರಿಯ ವಾರಂಟಿಗೆ ಕಿಲೋಮೀಟರಿನ ಮಿತಿ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದ ಮೇಲೆಯೇ ನಿರ್ಧರಿಸಬೇಕು. ಚಾಳಿನಲ್ಲಿ ಅಥವಾ ಮೇಲಿನ ಮಹಡಿಯ ಬಾಡಿಗೆ ಕೋಣೆಯಲ್ಲಿ ವಾಸಿಸುವವರಿಗೆ ಮೊದಲನೆಯ ಪ್ರಶ್ನೆಯೇ ಕಠಿಣ. 2024ರ ಜುಲೈನಲ್ಲಿ ಬಜಾಜ್ ಕಂಪನಿಯು ಸಿಎನ್‌ಜಿಯಿಂದ ಓಡುವ ಫ್ರೀಡಂ 125 ಮೋಟಾರು ಸೈಕಲ್ಲನ್ನು ಹೊರತಂದಿತು. ಅದರಲ್ಲಿ ಎರಡು ಕಿಲೋ ಅನಿಲಕ್ಕೂ ಎರಡು ಲೀಟರ್ ಪೆಟ್ರೋಲಿಗೂ ಸ್ಥಳವಿದೆ. ಅನಿಲ ತುಂಬಿಸಲು ಸಾಲಿನಲ್ಲಿ ಕಳೆಯುವ ಸಮಯವನ್ನೂ ಖರ್ಚಿಗೆ ಸೇರಿಸಿ ಲೆಕ್ಕ ಹಾಕಬೇಕು.

ಆರೈಕೆ: ವಿಶ್ವಾಸಾರ್ಹತೆಯ ಅರ್ಧ ಭಾಗ

ಒಳ್ಳೆಯ ವಾಹನವೂ ಆರೈಕೆಯಿಲ್ಲದೆ ಬಾಳುವುದಿಲ್ಲ. ಸಣ್ಣ ಎಂಜಿನ್ನಿನಲ್ಲಿರುವ ಎಣ್ಣೆ ಸುಮಾರು ಒಂದು ಲೀಟರ್ ಮಾತ್ರ. ಆ ಒಂದು ಲೀಟರೇ ಎಂಜಿನ್, ಕ್ಲಚ್ ಮತ್ತು ಗೇರು ಮೂರಕ್ಕೂ ಆಧಾರ. ಅದು ಅರ್ಧ ಲೀಟರಿಗೆ ಇಳಿದರೆ ದಟ್ಟಣೆಯ ಬಿಸಿಯಲ್ಲಿ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಹಾಳಾಗುತ್ತದೆ. ವಾರಕ್ಕೊಮ್ಮೆ ವಾಹನವನ್ನು ನೆಟ್ಟಗೆ ನಿಲ್ಲಿಸಿ ಎಣ್ಣೆಯ ಮಟ್ಟವನ್ನು ನೋಡಲು ಒಂದು ನಿಮಿಷ ಸಾಕು. ಕಾರಿನ ಎಣ್ಣೆಯನ್ನು ಹಾಕಬಾರದು. ಅದರಲ್ಲಿರಬಹುದಾದ ಜಾರುವ ದ್ರವ್ಯಗಳಿಂದ ಕ್ಲಚ್ ಹಿಡಿಯದಂತಾಗುತ್ತದೆ.

ಸರ್ವಿಸನ್ನು ತಿಂಗಳ ಲೆಕ್ಕದಲ್ಲಿ ನೋಡದೆ ಕಿಲೋಮೀಟರಿನ ಲೆಕ್ಕದಲ್ಲಿ ಮಾಡಿಸತಕ್ಕದ್ದು. ಕೈಪಿಡಿಯಲ್ಲಿ 3,000 ಕಿ.ಮೀ. ಎಂದಿದ್ದರೆ ದಿನಕ್ಕೆ 100 ಕಿ.ಮೀ. ಓಡಿಸುವವರ ಸರದಿ ಸುಮಾರು ಐದು ವಾರಗಳಿಗೊಮ್ಮೆ ಬರುತ್ತದೆ, ಅಂದರೆ ವರ್ಷಕ್ಕೆ ಹತ್ತು ಬಾರಿ. ಈ ವೆಚ್ಚವನ್ನು ಪ್ರತಿದಿನದ ಸಂಪಾದನೆಯಿಂದ ಸ್ವಲ್ಪ ಸ್ವಲ್ಪವೇ ತೆಗೆದಿಟ್ಟರೆ ಹೊರೆಯೆನಿಸದು.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಕಾರ್ಬ್ಯುರೇಟರಿನ ಬದಲು ಇಂಧನ ಚಿಮ್ಮಿಸುವ ವ್ಯವಸ್ಥೆ ರೂಢಿಗೆ ಬಂದಿದೆ. ಇಂತಹ ವಾಹನಗಳಲ್ಲಿ ಟ್ಯಾಂಕಿನೊಳಗಿನ ಪಂಪನ್ನು ಪೆಟ್ರೋಲೇ ತಣಿಸುವುದರಿಂದ ಟ್ಯಾಂಕು ಬರಿದಾಗುವವರೆಗೆ ಓಡಿಸುವ ಅಭ್ಯಾಸ ಒಳ್ಳೆಯದಲ್ಲ. ಮಳೆಗಾಲದಲ್ಲಿ ವಾಹನ ನೀರಿನಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಲು ಯತ್ನಿಸಬಾರದು. ಸಿಲಿಂಡರಿಗೆ ನೀರು ಸೇರಿದ್ದರೆ ಎಂಜಿನ್ನಿನ ಒಳಭಾಗಗಳೇ ಬಾಗಿ ಹೋಗುತ್ತವೆ. ತಳ್ಳಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಕ್ಷೇಮ.

ಹಳೆಯ ವಾಹನ ಮತ್ತು ದಾಖಲೆಗಳು

ಕೈ ಬದಲಾದ ವಾಹನವನ್ನು ಕೊಳ್ಳುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ ನೋಡಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಡನೆ ಹೋಲಿಸಬೇಕು. ಮಾಲಿಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳೂ, ಹಿಂದಿನ ಸಾಲ ತೀರಿರುವುದಕ್ಕೆ 35ನೆಯ ನಮೂನೆಯೂ ಅಗತ್ಯ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ವಾಹನಗಳ ರಬ್ಬರ್ ಕೊಳವೆಗಳು ಬಿರುಕು ಬಿಡುವ ಸಂಭವವಿದೆ; ಅವುಗಳನ್ನು ಪರೀಕ್ಷಿಸಿ ಬದಲಾಯಿಸಬೇಕು.

ಊರಿನಲ್ಲಿ ನೋಂದಾಯಿಸಿದ ವಾಹನವನ್ನು ಕರ್ನಾಟಕದಿಂದ ಪುಣೆಗೋ ಹೈದರಾಬಾದಿಗೋ ತಂದು ಬಳಸುವವರು ಅನೇಕರಿದ್ದಾರೆ. ಮೋಟಾರು ವಾಹನ ಕಾಯಿದೆ, 1988ರ 47ನೆಯ ಪ್ರಕರಣದಂತೆ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿದ ವಾಹನಕ್ಕೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಇದಕ್ಕೆ ಮೂಲ ನೋಂದಣಿ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಹೊಸ ರಾಜ್ಯದ ರಸ್ತೆ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ, ಕೆಲವೊಮ್ಮೆ ಊರಿನ ವಾಹನವನ್ನು ಅಲ್ಲಿಯೇ ಮಾರಿ, ದುಡಿಯುವ ನಗರದಲ್ಲಿ ಇನ್ನೊಂದನ್ನು ಕೊಳ್ಳುವುದೇ ಮೇಲೆನಿಸಬಹುದು.

2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ತೃತೀಯ ಪಕ್ಷದ ವಿಮೆ ಕಡ್ಡಾಯವಾಗಿದೆ. ವಾಹನವನ್ನು ಸರಕು ತಲುಪಿಸುವ ಕೆಲಸಕ್ಕೆ ಬಳಸುವವರು ಅದನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಿ, ಪಾಲಿಸಿಯು ಆ ಬಳಕೆಗೂ ಅನ್ವಯಿಸುವುದೆಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಅಪಘಾತದ ನಂತರ ಪರಿಹಾರಕ್ಕೆ ತಕರಾರು ಬರಬಹುದು. ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ಬೆಲೆಯನ್ನು ವಾಹನದ ಬೆಲೆಯಲ್ಲೇ ಸೇರಿಸಿಕೊಳ್ಳುವುದು ವಿವೇಕ.

ಲೆಕ್ಕ ಹಾಕಿ ನೋಡಿ

(ಅ) ತಾವು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ವರ್ಷಕ್ಕೆ ಎಷ್ಟು?
(ಆ) ಆ ಲೆಕ್ಕದಂತೆ ವಾರಂಟಿ ಎಷ್ಟು ತಿಂಗಳಿಗೆ ಮುಗಿಯುತ್ತದೆ? ಸಾಲದ ಕಂತು ಎಷ್ಟು ತಿಂಗಳಿಗೆ ಮುಗಿಯುತ್ತದೆ?
(ಇ) ವಾಹನ ಒಂದು ದಿನ ನಿಂತರೆ ತಮಗಾಗುವ ನಷ್ಟವೆಷ್ಟು?

ವಾರಂಟಿಗಿಂತ ಕಂತು ಹೆಚ್ಚು ಕಾಲ ಉಳಿಯುವುದಾದರೆ, ನಡುವಿನ ತಿಂಗಳುಗಳಲ್ಲಿ ದುರಸ್ತಿಯ ವೆಚ್ಚವೂ ಕಂತೂ ಒಟ್ಟಿಗೆ ಬರುತ್ತವೆ. ಅದಕ್ಕೆ ಬೇಕಾದ ಹಣವನ್ನು ವಾಹನ ಹೊಸದಾಗಿರುವಾಗಲೇ ಕೂಡಿಡಲು ಆರಂಭಿಸುವುದು ಕ್ಷೇಮಕರ.